ಹಸಿರು ಹುಲ್ಲಿನಲ್ಲಿ ಕಂಡ ಫ್ಯಾನು

ರೇಡಿಯೋದಲ್ಲಿ ಯಾರಾದರೂ ಹಾಡಲು ತೊಡಗಿದರೆ ನಾನು ಎದ್ದು ಹೋಗಿ ಫ್ಯಾನ್ ಆರಿಸುತ್ತೇನೆ. ಸೆಖೆಗಾಲವಿರಲಿ, ಮನೆಗೆ ಬಂದವರು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿರಲಿ, ಕೈ ತಾನಾಗಿ ಸ್ವಿಚ್ಚಿನತ್ತ ಹೋಗುತ್ತದೆ. ಎದ್ದ ಕೂಡಲೇ ಹಾಸಿಗೆ ಮಡಿಸುವುದು, ಕಾಫಿ ಲೋಟ ತೊಳೆದು ಬೋರಲು ಹಾಕುವುದು, ಕ್ಯಾಲೆಂಡರಿನ ಹಾಳೆಯನ್ನು ತಿಂಗಳ ಮೊದಲ ದಿನವೇ ಹರಿಯುವುದು, ಇವೆಲ್ಲಕ್ಕೂ ನನ್ನ ಬಳಿ ಕಾರಣಗಳಿವೆ. ಕೇಳಿದರೆ ಕೊಡಬಲ್ಲೆ. ಫ್ಯಾನಿನ ವಿಷಯದಲ್ಲಿ ಮಾತ್ರ ತಡವರಿಸುತ್ತೇನೆ.

ತಂಗಿಯ ಮೊಮ್ಮಗಳು ಚೈತ್ರ ಮೊನ್ನೆ ಸಿಕ್ಕಿಸಿ ಹಾಕಿದಳು.

“ಏನಜ್ಜಿ ಇದು? ಹಾಡಿಗೂ ಫ್ಯಾನಿಗೂ ಏನು ಸಂಬಂಧ? ಇಡ್ಲಿ ಥರ ಬೇಯಿಸ್ತೀಯಲ್ಲ ನಮ್ಮನ್ನ.”

“ಸಂಬಂಧ ಇತ್ತು ಕಣೇ.”

“ಇತ್ತು ತಾನೆ? ಈಗಿಲ್ಲವಲ್ಲ, ಹಾಕು.”

ಹಾಕಲಿಲ್ಲ. ಹಾಡು ಮುಗಿಯುವ ತನಕ ಇಬ್ಬರೂ ಬೆವರುತ್ತಾ ಕೂತೆವು. ಆರಿಸಿದ ಫ್ಯಾನು ತಕ್ಷಣ ನಿಲ್ಲುವುದಿಲ್ಲ, ನೀವೂ ನೋಡಿರುತ್ತೀರಿ. ಅದುವರೆಗೆ ಮಸುಕಾದ ಒಂದು ಬಿಲ್ಲೆಯಾಗಿದ್ದದ್ದು ನಿಧಾನವಾಗಿ ಬಿಡಿಸಿಕೊಂಡು ಮತ್ತೆ ರೆಕ್ಕೆಗಳಾಗುತ್ತದೆ. ಅದನ್ನು ನೋಡುತ್ತಾ ನೋಡುತ್ತಾ ನಾನು ಈ ಮನೆಯಿಂದ ಎದ್ದು, ರಾಜಾಜಿನಗರದ ನಮ್ಮ ಹಳೆಯ ಮನೆಯ ಕೆಂಪು ಗಾರೆಯ ನೆಲದ ಮೇಲೆ ಹೋಗಿ ಮಲಗಿಬಿಡುತ್ತೇನೆ.

ಅಪ್ಪ ಡ್ರಿಲ್ ಮೇಷ್ಟ್ರು. ಕೆಂಗೇರಿಯ ಶಾಲೆಯೊಂದರಲ್ಲಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಕೈ ಎತ್ತಿಸಿ, ಇಳಿಸಿ, ನಿವೃತ್ತರಾದವರು. ಶಾಲೆಯಿಂದ ನಿವೃತ್ತರಾದರೇ ಹೊರತು ಡ್ರಿಲ್ಲಿನಿಂದಲ್ಲ. ಕೊರಳಿನ ಹಿತ್ತಾಳೆಯ ವಿಷಲ್ ಮನೆಗೂ ಬಂತು. ಬೆಳಗ್ಗೆ ಒಂದು ಸಲ ಊದಿದರೆ ಏಳಬೇಕು, ಇನ್ನೊಂದು ಸಲ ಊದಿದರೆ ಸ್ನಾನಕ್ಕೆ ಹೊರಡಬೇಕು. ನಮ್ಮ ಮನೆಯ ವಿಷಲ್ ಕೇಳಿ ಬೀದಿಯವರು ಹಾಲಿನ ಬೂತಿಗೆ ಹೊರಡುತ್ತಿದ್ದರು. ನಾನು ಕೆಲಸಕ್ಕೆ ಸೇರಿ, ಟಿಫಿನ್ ಡಬ್ಬಿ ಹಿಡಿದು ಬಸ್ಸು ಕಾಯುವ ಹೆಂಗಸಾದ ಮೇಲೂ ಬೆಳಗಿನ ವಿಷಲ್ ನಿಂತಿರಲಿಲ್ಲ.

ಆ ಮನೆಯಲ್ಲಿ ಒಂದು ಮಾತಿಗೆ ನಿಷೇಧವಿತ್ತು. ಬೈಗುಳವೇನಲ್ಲ, ‘ಸ್ವಲ್ಪ ಹೊತ್ತು’ ಎಂಬ ಮಾತು. ಚಿಕ್ಕಂದಿನಲ್ಲಿ “ಸ್ವಲ್ಪ ಹೊತ್ತು ಆಡ್ಕೊಂಡು ಬರ್ತೀನಪ್ಪ” ಎಂದರೆ, “ಸ್ವಲ್ಪ ಹೊತ್ತು ಅಂದ್ರೆ ಎಷ್ಟು?” ಎಂದು ಕೇಳುವರು. ಉತ್ತರ ಹೇಳದೆ ಹೊಸ್ತಿಲು ದಾಟುವಂತಿರಲಿಲ್ಲ. ಒಮ್ಮೆ ಅಮ್ಮನ ಸೋದರಮಾವ ಊರಿಂದ ಬಂದವರು, ಚೀಲ ಕೆಳಗಿಟ್ಟು, “ಸ್ವಲ್ಪ ಹೊತ್ತು ಕೂತಿದ್ದು ಹೋಗ್ತೀನಿ ಮೇಷ್ಟ್ರೇ” ಎಂದರು. ಅಪ್ಪನ ಬಾಯಿಂದ ಅಭ್ಯಾಸಬಲದಲ್ಲಿ ಬಂದೇಬಿಟ್ಟಿತು: “ಎಷ್ಟು ಹೊತ್ತು?” ಅವರು ಚೀಲ ಎತ್ತಿಕೊಂಡು ನಡೆದರು. ಅಮ್ಮ ಆಮೇಲೆ ಬಹಳ ದಿನ ಅಪ್ಪನ ಸಾರಿಗೆ ಒಗ್ಗರಣೆ ಹಾಕುವಾಗ ಕೈ ಬಿಗಿ ಹಿಡಿಯುತ್ತಿದ್ದಳು.

ಇನ್ನು ಆ ಫ್ಯಾನು. ದಂಡಿನ, ಅಂದರೆ ಕಂಟೋನ್ಮೆಂಟಿನ, ಕಡೆ ಯಾವುದೋ ಬಂಗಲೆಯ ಸಾಮಾನು ಹರಾಜಾದಾಗ ಅಪ್ಪ ಸೈಕಲ್ಲಿನ ಕ್ಯಾರಿಯರಿಗೆ ಕಟ್ಟಿ ತಂದದ್ದು. ನೆಲದ ಮೇಲೆ ನಿಲ್ಲಿಸುವಂಥದ್ದು, ಕಪ್ಪು ಕಬ್ಬಿಣದ ಮೈ, ಹಿತ್ತಾಳೆಯ ರೆಕ್ಕೆ. ಎತ್ತಲು ಇಬ್ಬರು ಬೇಕು. ಅದಕ್ಕೂ ವೇಳಾಪಟ್ಟಿ ಇತ್ತು. ಮಧ್ಯಾಹ್ನ ಊಟವಾದ ಮೇಲೆ ಅಪ್ಪ ಅಂಗವಸ್ತ್ರ ಮಡಿಸಿ ದಿಂಬಿನ ಮೇಲೆ ಹಾಸಿ, ಫ್ಯಾನ್ ಹಾಕಿ ಮಲಗುತ್ತಿದ್ದರು. ಆಗ ಮನೆಯಲ್ಲಿ ಯಾರೂ ಮಾತಾಡುವಂತಿಲ್ಲ, ಪಾತ್ರೆ ಸದ್ದು ಮಾಡುವಂತಿಲ್ಲ, ರೇಡಿಯೋ ಮುಟ್ಟುವಂತಿಲ್ಲ. ನಮ್ಮ ರೇಡಿಯೋ ಸಂಜೆಯ ವಾರ್ತೆಗೆ ಮಾತ್ರ ಬಾಯಿ ತೆರೆಯುತ್ತಿತ್ತು.

ರಜೆಯ ದಿನಗಳಲ್ಲಿ ನಾನು ಅಪ್ಪನ ಮಂಚದ ಕೆಳಗೆ, ತಣ್ಣನೆಯ ನೆಲಕ್ಕೆ ಕೆನ್ನೆ ಒತ್ತಿ ಮಲಗುತ್ತಿದ್ದೆ. ಫ್ಯಾನಿನ ಕತ್ತು ಬಲಕ್ಕೆ ಹೋಗುವುದು, ಎಡಕ್ಕೆ ಬರುವುದು. ಗಾಳಿ ನನ್ನನ್ನು ಬಿಟ್ಟು ಕಿಟಕಿಯ ಪರದೆಯ ಹತ್ತಿರ ಹೋಗಿ, ಅಲ್ಲಿ ಏನೋ ಕೇಳಿಕೊಂಡು, ಮತ್ತೆ ನನ್ನ ಕಡೆ ಬರುವುದು. ಎಡಗೊನೆಯಲ್ಲಿ ಅದರ ಕತ್ತು ಹಿಡಿದುಕೊಳ್ಳುತ್ತಿತ್ತು. ಅಲ್ಲೇ ಒಂದು ಗಳಿಗೆ ಮುಕ್ಕರಿದು, ಸ್ವರ ಒಂಚೂರು ಇಳಿಸಿ, ‘ಕಟಕ್’ ಎಂದು ಬಿಡಿಸಿಕೊಂಡು ಮತ್ತೆ ಬಲಕ್ಕೆ ತಿರುಗುತ್ತಿತ್ತು. ನಾನು ಮಲಗುತ್ತಿದ್ದದ್ದು ಆ ಎಡಗೊನೆಗೇ. ಅದು ಮುಕ್ಕರಿಯುವಷ್ಟು ಹೊತ್ತು ಗಾಳಿ ನನ್ನದು. ಮನೆಯಲ್ಲಿ ಎಲ್ಲರಿಗೂ ಎಲ್ಲವೂ ಅಳತೆಯಂತೆ ಸಿಗುವಾಗ, ಅಳತೆ ಮೀರಿ ನನಗೆ ಸಿಗುತ್ತಿದ್ದದ್ದು ಅದೊಂದೇ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ಗೋಡೆಗೆ ಗೋಡೆ ಅಂಟಿದಂತಿದ್ದ ಪಕ್ಕದ ಮನೆಯಲ್ಲಿ ಸರೋಜಮ್ಮ ಎಂಬುವರಿದ್ದರು. ನಡುವಯಸ್ಸು, ಮೆಲುಮಾತು. ಬಟ್ಟೆ ಒಣಗಿಸುವಾಗ ತಾವು ಹಾಡಿಕೊಳ್ಳುತ್ತಿರುವುದು ಯಾರಿಗಾದರೂ ಕೇಳಿಸಿತೆಂದು ತಿಳಿದರೆ ಬಕೆಟ್ ಅಲ್ಲೇ ಬಿಟ್ಟು ಒಳಗೆ ಹೋಗುವಷ್ಟು ನಾಚಿಕೆ. ಅವರ ಅತ್ತೆ ನಂಜಮ್ಮಜ್ಜಿ. ಪೊರೆ ಬಂದು ಕಣ್ಣು ಹೋಗಿತ್ತು, ಸೊಂಟ ಮುರಿದು ಹಾಸಿಗೆ ಹಿಡಿದಿದ್ದರು. ಬಾಯಿಗೆ ಮಾತ್ರ ಏನೂ ಆಗಿರಲಿಲ್ಲ. ಆ ಅಜ್ಜಿಯ ಬಳಿ ಅವರ ಅತ್ತೆ ಕಲಿಸಿದ ಹಸೆಗೆ ಕರೆಯುವ ಹಾಡೊಂದಿತ್ತು. ಅದನ್ನು ಅಜ್ಜಿ ಸೊಸೆಗೆ ಬೈದು ಬೈದು ಕಲಿಸಿದ್ದರು. ಯಾರದೋ ಒತ್ತಾಯಕ್ಕೆ ಸರೋಜಮ್ಮ ರೇಡಿಯೋದವರ ಪರೀಕ್ಷೆಗೆ ಹೋಗಿ, ಎಲ್ಲರಿಗೂ ಆಶ್ಚರ್ಯವಾಗುವಂತೆ, ತಮಗೂ ಆಗುವಂತೆ, ಪಾಸಾಗಿಬಿಟ್ಟರು. ಒಂದು ಶನಿವಾರ ಮಧ್ಯಾಹ್ನದ ಮಹಿಳೆಯರ ಕಾರ್ಯಕ್ರಮದಲ್ಲಿ, ಅಲ್ಲೇ ಮೈಕಿನ ಮುಂದೆ ಕೂತು, ನೇರವಾಗಿ ಹಾಡಬೇಕು. ಒಂದೇ ಸಲ.

ಅದಕ್ಕಾಗಿಯೇ ಅವರ ಮನೆಗೆ ಮೊದಲ ರೇಡಿಯೋ ಬಂತು. ಬಂದ ದಿನದಿಂದಲೇ ತೊಂದರೆ. ಬೆಳಗ್ಗೆ ಸರಿಯಾಗಿರುವುದು, ಸಂಜೆ ಸರಿಯಾಗಿರುವುದು, ಮಧ್ಯಾಹ್ನ ಆ ಕಾರ್ಯಕ್ರಮದ ಹೊತ್ತಿಗೆ ಮಾತ್ರ ಕರಕರ ಕೊಯ್ಯ್ ಎಂದು ಒಂದೇ ಸಮನೆ ಸದ್ದು. ಮಾತೂ ಕೇಳದು, ಹಾಡೂ ಕೇಳದು. ರಿಪೇರಿಯವನು ಬಂದು, ಸೆಟ್ಟಿನಲ್ಲಿ ಏನೂ ದೋಷವಿಲ್ಲ, ಹೊರಗಿಂದ ಬರುತ್ತಿದೆ ಎಂದು ಹೇಳಿ ಹೋದ.

“ನಿನಗೆ ಇದೇ ಕೆಲಸ ಅಲ್ವೇನೇ ವಿಮಲಿ?” ಎಂದರು ನಂಜಮ್ಮಜ್ಜಿ, ನನ್ನ ಕೈ ತಡಕಿ ಹಿಡಿದು. “ಏನು ಅಂತ ನೋಡೇ. ನಮ್ಮತ್ತೆ ಹೇಳ್ಕೊಟ್ಟ ಹಾಡು ಗಾಳೀಲಿ ಬರುತ್ತೆ ಅಂದ್ರೆ ನಾನು ಕೇಳ್ದೆ ಹೋಗೋದಾ? ಇನ್ನೊಂದು ಸಲ ಕರೀತಾರೋ ಇಲ್ವೋ. ಕರೆಯೋ ಹೊತ್ತಿಗೆ ನಾನಿರ್ತೀನೋ ಇಲ್ವೋ.”

ಸರೋಜಮ್ಮ ನನ್ನನ್ನು ಹಿತ್ತಿಲಿಗೆ ಕರೆದುಕೊಂಡು ಹೋಗಿ ಪಿಸುಗುಟ್ಟಿದರು. “ಅತ್ತೆಗೆ ಬರೀ ಕರಕರ ಕೇಳ್ಸಿ, ನಾನೇ ಕೆಟ್ಟದಾಗಿ ಹಾಡಿದೆ ಅನ್ಕೊಂಡ್ಬಿಟ್ರೆ ಏನ್ ಮಾಡ್ಲಿ ವಿಮಲಾ? ಅಲ್ಲಿ ಕೂತ್ಕೊಂಡು ನನಗೆ ಹಾಡೋಕ್ಕೇ ಆಗಲ್ಲ.”

ನನಗೆ ಅದೇ ಕೆಲಸ, ನಿಜ. ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಒಂದು ಸಣ್ಣ ವರ್ಕ್‌ಶಾಪು ನಮ್ಮದು. ಅಳೆಯುವ ಯಂತ್ರಗಳನ್ನು ಅಳೆದು, ಅವು ಸರಿಯಾಗಿ ಅಳೆಯುತ್ತಿವೆಯೇ ಎಂದು ನೋಡಿ ವಾಪಸು ಕಳಿಸುವ ಜಾಗ. ಡ್ರಿಲ್ ಮೇಷ್ಟ್ರ ಮಗಳಿಗೆ ಇದಕ್ಕಿಂತ ಒಪ್ಪುವ ಕೆಲಸ ಸಿಗುತ್ತಿರಲಿಲ್ಲ. ನಮ್ಮ ಟೇಬಲ್ಲಿನ ಮೊದಲ ಪಾಠ, ‘ಮುಳ್ಳು ನಿಂತ ಮೇಲೆ ನೋಡು’ ಎಂಬುದು. ಸ್ವಿಚ್ ಹಾಕಿದ ಕೂಡಲೇ ಮೀಟರಿನ ಮುಳ್ಳು ಕುಣಿಯುತ್ತದೆ. ಆಗ ಅದನ್ನು ನಂಬಬಾರದು. ಕುಣಿದು, ದಣಿದು, ಒಂದು ಕಡೆ ನಿಂತ ಮೇಲೆ ಅದು ತೋರಿಸುವುದೇ ಸತ್ಯ. ಈ ಪಾಠ ನನಗೆ ಎಷ್ಟು ಹಿಡಿಸಿತ್ತೆಂದರೆ ಮನುಷ್ಯರನ್ನೂ ಹಾಗೆಯೇ ನೋಡುತ್ತಿದ್ದೆ. ಸಂತೋಷದಲ್ಲಿರುವವರ ಮಾತನ್ನೂ ಸಿಟ್ಟಿನಲ್ಲಿರುವವರ ಮಾತನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ನನ್ನನ್ನು ನೋಡಲು ಬಂದ ಗಂಡೊಬ್ಬ ಮಾತಾಡುವಾಗ ಕಾಲು ಕುಣಿಸುತ್ತಿದ್ದ. ಮುಳ್ಳು ನಿಲ್ಲಲಿಲ್ಲವೆಂದು ಬೇಡ ಅಂದೆ.

ವರ್ಕ್‌ಶಾಪಿನಲ್ಲಿ ಒಂದು ಸ್ಪೆಕ್ಟ್ರಮ್ ಅನಲೈಸರ್ ಇತ್ತು. ಹೆಸರು ದೊಡ್ಡದು, ಮಾಡುವುದು ಇಷ್ಟೇ: ರೇಡಿಯೋದಿಂದ ಬಂದ ಸದ್ದನ್ನು ಬಿಡಿಸಿ, ಅದರಲ್ಲಿ ಯಾವ ಯಾವ ಸ್ವರ ಎಷ್ಟೆಷ್ಟಿದೆ ಎಂದು ದುಂಡನೆಯ ಗಾಜಿನ ಪರದೆಯ ಮೇಲೆ ಹಸಿರು ಗೆರೆಯಲ್ಲಿ ಬರೆಯುವುದು. ಎಡಕ್ಕೆ ತಗ್ಗಿನ ಸ್ವರ, ಬಲಕ್ಕೆ ಏರಿದ ಸ್ವರ. ಜೋರಾಗಿದ್ದರೆ ಗೆರೆ ಎತ್ತರ. ಏನೂ ಇಲ್ಲದಿದ್ದಾಗಲೂ ತಳದಲ್ಲಿ ಗೆರೆ ಸುಮ್ಮನಿರುವುದಿಲ್ಲ, ಸಣ್ಣಗೆ ಚಿಗುರಿ ಅಲುಗಾಡುತ್ತಿರುತ್ತದೆ. ಅದನ್ನು ನಾವು ಹುಲ್ಲು ಎನ್ನುತ್ತಿದ್ದೆವು. “ಇವತ್ತು ಹುಲ್ಲು ಜಾಸ್ತಿ ಇದೆ” ಎಂದರೆ ಗದ್ದಲ ಹೆಚ್ಚಿದೆ ಎಂದರ್ಥ. ನನಗೆ ಅದನ್ನು ನೋಡಿದಾಗಲೆಲ್ಲ ಕೆಂಗೇರಿ ನೆನಪಾಗುತ್ತಿತ್ತು. ಚಿಕ್ಕವಳಿದ್ದಾಗ ಅಪ್ಪ ನನ್ನನ್ನು ಸೈಕಲ್ಲಿನ ಬಾರಿನ ಮೇಲೆ ಕೂರಿಸಿಕೊಂಡು ಶಾಲೆಗೆ ಕರೆದೊಯ್ದ ದಿನಗಳುಂಟು. ದಾರಿಯುದ್ದಕ್ಕೂ ಮೊಳಕಾಲೆತ್ತರದ ರಾಗಿ ಪೈರು. ಗಾಳಿ ಬಂದರೆ ಇಡೀ ಹೊಲ ಒಂದೇ ಕಡೆ ಬಗ್ಗಿ ಮತ್ತೆ ಏಳುತ್ತಿತ್ತು. ಕಾಣದ ಯಾವುದೋ ಪ್ರಾಣಿ ಅದರೊಳಗೆ ನಡೆದು ಹೋದಂತೆ.

ಶನಿವಾರ ಅರ್ಧ ದಿನದ ಕೆಲಸ ಮುಗಿಸಿ, ನಮ್ಮ ಮುಖ್ಯಸ್ಥ ದೊರೆಸ್ವಾಮಿ ಸಾರ್ ಅವರ ಅಪ್ಪಣೆ ಪಡೆದು, ವರ್ಕ್‌ಶಾಪಿನ ಟೇಪ್ ರೆಕಾರ್ಡರನ್ನು ಆಟೋದಲ್ಲಿಟ್ಟುಕೊಂಡು ಬಂದೆ. ಹಾಡಿನ ಶನಿವಾರಕ್ಕೆ ಇನ್ನೂ ಎರಡು ವಾರವಿತ್ತು. ಅಪ್ಪ ಮಲಗಲು ಅಣಿಯಾಗುವ ಹೊತ್ತು. ನಿದ್ದೆಗೆ ಅಡ್ಡಿಯಾದೀತೆಂದು ನಮ್ಮ ಮನೆಯ ಮುಂದೆ ಚಪ್ಪಲಿ ಕೈಯಲ್ಲಿ ಹಿಡಿದು, ತುದಿಗಾಲಲ್ಲಿ ದಾಟಿ ನಂಜಮ್ಮಜ್ಜಿಯ ಮನೆಗೆ ಹೋದೆ. ರೇಡಿಯೋ ಹಾಕಿ ಕಾದೆ. ಕರಕರ ಶುರುವಾಯಿತು. ಮೊದಲು ಅದು ಕೊಂಚ ಏರಿಳಿಯಿತು. ನಾನು ಕೈ ಕಟ್ಟಿ ಕೂತೆ. ಸ್ಥಿರವಾದ ಮೇಲೆ ರೆಕಾರ್ಡರಿನ ಗುಂಡಿ ಒತ್ತಿದೆ. ಬೇಕಾದಷ್ಟು ಸಿಕ್ಕಿತೆಂದ ಕೂಡಲೇ ಆರಿಸಿದೆ.

ಸೋಮವಾರ ಆ ಟೇಪನ್ನು ಅನಲೈಸರಿಗೆ ಕೊಟ್ಟೆ. ಹುಲ್ಲಿನ ನಡುವೆ ಗೆರೆಗಳೆದ್ದವು, ಒಂದರ ಪಕ್ಕ ಒಂದು, ಸಮ ಸಮ ದೂರದಲ್ಲಿ, ಅಪ್ಪನ ಶಾಲೆಯ ಮಕ್ಕಳು ಸಾವಧಾನ್ ಎಂದಾಗ ನಿಂತಂತೆ. ಇಷ್ಟು ಶಿಸ್ತಾದ ಸದ್ದು ತಾನಾಗಿ ಹುಟ್ಟುವುದಿಲ್ಲ, ಯಾರೋ ಬೇಕೆಂದೇ ಕಳಿಸುತ್ತಿದ್ದಾರೆ ಎಂದು ತೀರ್ಮಾನಿಸಿದೆ. ನಮ್ಮ ಹಿಂದಿನ ಬೀದಿಯಲ್ಲಿ ಶ್ರೀಕಂಠಯ್ಯ ಎಂಬ ಹವ್ಯಾಸಿ ರೇಡಿಯೋದವರಿದ್ದರು. ತಾರಸಿಯ ಮೇಲೆ ಉದ್ದದ ಏರಿಯಲ್ ಕಟ್ಟಿ ಯಾವ ಯಾವ ದೇಶದವರ ಜೊತೆಗೋ ಮಾತಾಡುವವರು. ಸಂಜೆ ಅವರ ಬಾಗಿಲು ತಟ್ಟಿದೆ.

“ಮಧ್ಯಾಹ್ನ ಊಟ ಆದ ಮೇಲೆ ನೀವು ಮಾತಾಡೋದನ್ನ ನಿಲ್ಲಿಸ್ಬೇಕು ಸಾರ್,” ಎಂದೆ, ಪೀಠಿಕೆಯಿಲ್ಲದೆ.

ಅವರು ನನ್ನನ್ನೇ ನೋಡಿದರು. “ಯಾರ ಜೊತೆ, ನಮ್ಮನೆಯವಳ ಜೊತೇನಾ? ಅದನ್ನ ಅವಳೇ ನಿಲ್ಲಿಸಿ ಬಹಳ ದಿನ ಆಯ್ತಲ್ಲಮ್ಮ.”

“ರೇಡಿಯೋದಲ್ಲಿ ಸಾರ್.”

“ಓ, ಅದಾ. ಸೆಟ್ಟಿನ ವಾಲ್ವ್ ಹೋದ ಯುಗಾದೀಲೇ ಸುಟ್ಟು ಹೋಯ್ತು. ಏರಿಯಲ್ ಮೇಲೆ ನೋಡಿ.”

ನೋಡಿದೆ. ಏರಿಯಲ್ಲಿನ ಮೇಲೆ ಆರು ಗಜದ ಸೀರೆ ಒಣಗುತ್ತಿತ್ತು.

ಮರುದಿನ ದೊರೆಸ್ವಾಮಿ ಸಾರ್ ನನ್ನ ಪೆಚ್ಚುಮುಖ ನೋಡಿ ಏನೆಂದು ಕೇಳಿದರು. ಆ ತಿಂಗಳು ನಮ್ಮಲ್ಲಿಗೆ ಒಂದು ಹೊಸ ಯಂತ್ರ ಬಂದಿತ್ತು. ಯಾವುದೋ ಕಾಲೇಜಿನವರು ವಿದೇಶದಿಂದ ತರಿಸಿ, ಸರಿಯಿದೆಯೇ ನೋಡಿ ಎಂದು ನಮಗೆ ಕಳಿಸಿದ್ದ ರಿಯಲ್ ಟೈಮ್ ಅನಲೈಸರ್. ಸಾರ್ ಅದರ ಮುಂದೆ ಹೊಸ ಅಳಿಯನಂತೆ ದಿನವಿಡೀ ಕೂತಿರುತ್ತಿದ್ದರು.

“ನಮ್ಮ ಹಳೇದು ಬೀಟ್ ಪೊಲೀಸ್ ಇದ್ದ ಹಾಗೆ ವಿಮಲಾ,” ಎಂದರು. “ಒಂದು ಸ್ವರ ನೋಡುತ್ತೆ, ಆಮೇಲೆ ಪಕ್ಕದ್ದು, ಆಮೇಲೆ ಅದರ ಪಕ್ಕದ್ದು. ಒಂದೊಂದೇ ಮನೆ ಬಾಗಿಲು ನೋಡ್ಕೊಂಡು ಬೀದಿ ಕೊನೆಗೆ ಹೋಗೋ ಹೊತ್ತಿಗೆ ಮೊದಲನೇ ಮನೆಗೆ ಕಳ್ಳ ನುಗ್ಗಿ, ಕಾಫಿ ಕುಡಿದು ಹೋಗಿರ್ತಾನೆ. ಒಂದೇ ಥರ ಇರೋದನ್ನ ಅದು ಚೆನ್ನಾಗಿ ಹಿಡಿಯುತ್ತೆ. ಬದಲಾಗ್ತಾ ಇರೋದನ್ನ ಹಿಡಿಯಲ್ಲ.”

“ಇದು ಸಾರ್?”

“ಇದು ಸದ್ದನ್ನ ಚೂರು ಚೂರೇ ತಗೊಂಡು ನೆನಪಲ್ಲಿ ಇಟ್ಕೊಳ್ಳುತ್ತೆ. ಇಟ್ಕೊಂಡಿದ್ದನ್ನ ನಡೆದಿದ್ದಕ್ಕಿಂತ ನೂರಾರು ಪಟ್ಟು ಬೇಗ ಓಡಿಸಿ, ಎಲ್ಲಾ ಸ್ವರಾನೂ ನೋಡಿ ಮುಗಿಸುತ್ತೆ. ಇತ್ತ ಇದನ್ನ ನೋಡ್ತಾ ಇರೋವಾಗ್ಲೇ ಅತ್ತ ಮುಂದಿನ ಚೂರು ಬಂದು ಸೇರ್ಕೊಂಡಿರುತ್ತೆ. ಏನೂ ತಪ್ಪಿಸ್ಕೊಳ್ಳಲ್ಲ. ಎಲ್ಲಿ, ನಿನ್ನ ಟೇಪ್ ಕೊಡು.”

ಕೊಟ್ಟೆ. ಪರದೆಯ ಮೇಲೆ ಮತ್ತೆ ಅದೇ ಸಾವಧಾನ್ ಸಾಲು. ಸಾರ್ ಕನ್ನಡಕ ಹಣೆಗೇರಿಸಿದರು.

“ಇದರ ಶುರು ಎಲ್ಲಿ?”

“ಶುರೂನಲ್ಲಿ ಏರುಪೇರಿತ್ತು ಸಾರ್, ಅದಕ್ಕೇ ಹಿಡೀಲಿಲ್ಲ.”

“ಕೊನೆ?”

“ಕೊನೇನೂ ಏರುಪೇರೇ ಇರುತ್ತೆ ಅಂತ ಮೊದಲೇ ಆರಿಸಿದೆ ಸಾರ್. ಮುಳ್ಳು ನಿಂತ ಮೇಲೆ ತಾನೆ ನೋಡ್ಬೇಕು?”

ಸಾರ್ ನಗಲಿಲ್ಲ. ನಗದಿರಲು ಅವರು ಪಟ್ಟ ಪಾಡು ಮಾತ್ರ ಕಂಡಿತು. “ಮದುವೆ ಮನೆಗೆ ಹೋಗಿ, ಧಾರೆ ಬಿಟ್ಟು ಬರೀ ಊಟದ ಸಾಲಿನ ಫೋಟೋ ತೆಗೆದಿದ್ದೀಯಲ್ಲಮ್ಮ. ಹೋಗು. ಎದ್ದು ಬರೋದು, ಬಿದ್ದು ಹೋಗೋದು, ಅದನ್ನ ಹಿಡ್ಕೊಂಡ್ ಬಾ.”

ಮುಂದಿನ ಶನಿವಾರ ಮತ್ತೆ ಚಪ್ಪಲಿ ಕೈಯಲ್ಲಿ ಹಿಡಿದು ಹೋದೆ. ಈ ಸಲ ಗದ್ದಲಕ್ಕೆ ಮೊದಲೇ ಟೇಪ್ ಹಾಕಿದೆ, ಗದ್ದಲ ಸತ್ತ ಮೇಲೆ ಆರಿಸಿದೆ. ನಂಜಮ್ಮಜ್ಜಿ ಉಸಿರು ಬಿಗಿಹಿಡಿದು ಮಲಗಿದ್ದರು, ಕೆಮ್ಮಿದರೆ ಟೇಪು ಹಾಳಾದೀತೆಂದು.

ಸೋಮವಾರದ ಆ ಮಧ್ಯಾಹ್ನ ನನಗೆ ಈಗಲೂ ಕನಸಿನಂತೆಯೇ ನೆನಪಿದೆ. ಪರದೆ ಕಾಣಲೆಂದು ಸಾರ್ ಕಿಟಕಿಗೆ ಕಪ್ಪು ಬಟ್ಟೆ ಇಳಿಬಿಟ್ಟಿದ್ದರು. ಹೊರಗೆ ಎಸ್ಟೇಟಿನ ಲೇತುಗಳ ಸದ್ದು ದೂರದಲ್ಲೆಲ್ಲೋ ಹರಿಯುತ್ತಿತ್ತು. ಹೊಸ ಯಂತ್ರ ಬರೀ ಒಂದು ಗೆರೆ ಬರೆದು ಅಳಿಸುತ್ತಿರಲಿಲ್ಲ. ಒಂದು ಗೆರೆ ಬರೆದು, ಅದನ್ನು ಹಾಗೇ ಇಟ್ಟು, ಅದರ ಕೆಳಗೆ ಮುಂದಿನ ಗಳಿಗೆಯ ಗೆರೆ, ಅದರ ಕೆಳಗೆ ಅದರ ಮುಂದಿನದು, ಹೀಗೆ ಬರೆಯುತ್ತಾ ಬಂತು. ಕಳೆದ ಗಳಿಗೆಗಳೆಲ್ಲ ಮೇಲೆ ಹಾಗೇ ಉಳಿದು ಹಸಿರಾಗಿ ಹೊಳೆಯುತ್ತಿದ್ದವು. ಮೊದಲು ಬರಿಯ ಹುಲ್ಲು, ಸಾಲು ಸಾಲು ಹುಲ್ಲು. ಕೆಂಗೇರಿಯ ಹೊಲವನ್ನೇ ಯಾರೋ ಕತ್ತಲಲ್ಲಿ ಹಾಸಿದಂತೆ.

ಆಮೇಲೆ ಎಡಗಡೆ, ತಗ್ಗಿನಲ್ಲಿ, ಒಂದು ಮೊಳಕೆ. ಮುಂದಿನ ಗೆರೆಯಲ್ಲಿ ಅದು ಕೊಂಚ ಬಲಕ್ಕೆ. ಅದರ ಮುಂದಿನದರಲ್ಲಿ ಇನ್ನೂ ಬಲಕ್ಕೆ. ಏನೋ ನಿದ್ದೆಯಿಂದ ಎದ್ದು, ಭಾರವಾದ ಮೈಯನ್ನು ಎಳೆದುಕೊಂಡು, ನಡೆಯಲು ತೊಡಗಿ, ನಡಿಗೆ ಚುರುಕಾಗಿ, ಕೊನೆಗೆ ಒಂದು ವೇಗಕ್ಕೆ ಬಂದು ನೆಟ್ಟಗೆ ಸಾಗಿತು. ಹೊಲದ ನಡುವೆ ಕಾಲುದಾರಿಯಂತೆ.

“ಮೋಟಾರು,” ಎಂದರು ಸಾರ್ ಮೆಲ್ಲಗೆ. “ತಿರುಗೋಕೆ ಶುರು ಮಾಡಿದೆ ನೋಡು. ಇಂಗಾಲದ ಬ್ರಷ್ ಇರೋ ಹಳೇ ಮೋಟಾರು, ಒಳಗೆ ಕಿಡಿ ಹಾರುತ್ತೆ. ಆ ಕಿಡಿ ರೇಡಿಯೋಗೆ ಕೇಳ್ಸುತ್ತೆ.”

ನಾನು ಪರದೆಯ ಹತ್ತಿರ ಬಗ್ಗಿದೆ. ಆ ದಾರಿ ಪೂರ್ತಿ ನೆಟ್ಟಗಿರಲಿಲ್ಲ. ಅಲ್ಲಲ್ಲಿ, ಒಂದೇ ಸಮ ದೂರದಲ್ಲಿ, ಎಡಕ್ಕೆ ಒಂಚೂರು ಬಾಗಿ, ಅಲ್ಲೇ ಮುಕ್ಕರಿದು, ಚಕ್ಕನೆ ಮತ್ತೆ ದಾರಿಗೆ ಬರುತ್ತಿತ್ತು. ಹೋಗುವುದು, ಬಾಗುವುದು, ಬಿಡಿಸಿಕೊಳ್ಳುವುದು. ಹೋಗುವುದು, ಬಾಗುವುದು, ಬಿಡಿಸಿಕೊಳ್ಳುವುದು. ನನ್ನ ಕೆನ್ನೆಗೆ ತಣ್ಣನೆಯ ನೆಲ ತಗುಲಿತು. ಹಣೆಯ ಕೂದಲು ಹಾರಿತು. ಕಿಟಕಿಯ ಪರದೆ ಅಲುಗಿ ನಿಂತಿತು. ಕಟಕ್.

“ಸಾರ್,” ಎಂದೆ, “ಇದು ನಮ್ಮಪ್ಪನ ಫ್ಯಾನು.”

ಪರದೆಯ ಕೆಳಭಾಗದಲ್ಲಿ ಆ ದಾರಿ ನಿಧಾನವಾಗಿ ಎಡಕ್ಕೆ ಇಳಿದು, ಇಳಿದು, ಹುಲ್ಲಿನೊಳಗೆ ಕಾಣೆಯಾಯಿತು. ಅಪ್ಪ ಎದ್ದಿದ್ದರು.

ನನ್ನ ಬೆಪ್ಪುತನ ನೋಡಿ. ಗೋಡೆಯ ಆಚೆ ಫ್ಯಾನು ತಿರುಗುವುದು ಗೊತ್ತು, ಅದರ ಹೊತ್ತು ಗೊತ್ತು, ಅದಕ್ಕಾಗಿ ಚಪ್ಪಲಿಯನ್ನೂ ಬಿಚ್ಚಿ ಹಿಡಿದಿದ್ದೇನೆ. ಆದರೆ ನಮ್ಮ ಮನೆಯಲ್ಲಿ ಆ ಹೊತ್ತಿಗೆ ರೇಡಿಯೋ ಹಾಕುವ ರೂಢಿಯೇ ಇಲ್ಲದ್ದರಿಂದ, ಫ್ಯಾನೂ ಕರಕರವೂ ಒಂದಕ್ಕೊಂದು ಭೇಟಿಯಾಗಿಯೇ ಇರಲಿಲ್ಲ. ನಮ್ಮ ಶಿಸ್ತು ಅಷ್ಟು ಚೊಕ್ಕಟ.

ಈಗ ಅಪ್ಪನಿಗೆ ಹೇಳಬೇಕು. ಮೊದಲು ಅಮ್ಮನಿಗೆ ಹೇಳಿದೆ.

“ಅವರ ಮಧ್ಯಾಹ್ನದ ನಿದ್ದೆ ಬಿಡ್ಸೋದಾ?” ಎಂದಳು ಅಮ್ಮ, ಹುರುಳಿಕಾಯಿ ನಾರು ತೆಗೆಯುತ್ತಾ. “ರೇಡಿಯೋದವರಿಗೇ ಬೇರೆ ಹೊತ್ತಿಗೆ ಇಟ್ಕೊಳ್ಳಿ ಅಂತ ಕೇಳ್ಕೊ. ಅದಾದ್ರೂ ಆಗ್ಬಹುದು.”

ರಾತ್ರಿಯೂಟಕ್ಕೆ ಕೂತಾಗ ಹೇಳಿದೆ. ಅಪ್ಪ ಅನ್ನ ಕಲಸುವುದನ್ನು ನಿಲ್ಲಿಸದೆ ಕೇಳಿದರು.

“ಪುರಾವೆ?”

ಹಸಿರು ಪರದೆಯ ಕಥೆ ಹೇಳಿದೆ. ಹೊಲ, ಕಾಲುದಾರಿ, ಎಡಕ್ಕೆ ಬಾಗುವುದು. ಹೇಳುತ್ತಾ ಹೋದಂತೆ ನನಗೇ ಅದು ಪುರಾವೆಯಂತೆ ಕೇಳಿಸಲಿಲ್ಲ.

“ಅದೆಲ್ಲ ಬೇಡ,” ಎಂದರು. “ನಾಳೆ ಬೆಳಗ್ಗೆ ನೀನು ಅವರ ಮನೇಲಿರು. ನಾನು ಇಲ್ಲಿ ಫ್ಯಾನ್ ಹಾಕಿದಾಗ ಒಂದು ವಿಷಲ್, ಆರಿಸಿದಾಗ ಎರಡು. ನೋಡೇ ಬಿಡೋಣ.”

ಬೆಳಗ್ಗೆ ನಾನು ನಂಜಮ್ಮಜ್ಜಿಯ ಮಂಚದ ಪಕ್ಕ ರೇಡಿಯೋ ಹಾಕಿ ಕೂತೆ. ಗೋಡೆಯ ಆಚೆಯಿಂದ ವಿಷಲ್ ಕೇಳಿತು. ಕೊಯ್ಯ್ ಎಂದು ಕರಕರ ಎದ್ದಿತು. ಎರಡು ವಿಷಲ್, ಕರಕರ ಇಳಿದು ಸತ್ತಿತು. ಮತ್ತೆ ವಿಷಲ್, ಮತ್ತೆ ಕರಕರ. ಅಪ್ಪನಿಗೆ ಒಂದೇ ಸಲಕ್ಕೆ ಯಾವುದನ್ನೂ ನಂಬುವ ಅಭ್ಯಾಸವಿಲ್ಲ.

ನಂಜಮ್ಮಜ್ಜಿಯ ಹೊಟ್ಟೆ ನಗುವಿನಿಂದ ಕುಲುಕುತ್ತಿತ್ತು. “ಅಯ್ಯೋ ನಮ್ಮಪ್ಪ, ಇದು ಮೇಷ್ಟ್ರ ಕೆಲಸವಾ? ಯಾವುದೋ ಗಾಳಿ ಸೋಕು ಅನ್ಕೊಂಡಿದ್ನಲ್ಲೇ. ಬಾಗಿಲಿಗೆ ನಿಂಬೆಹಣ್ಣು ಬೇರೆ ಕಟ್ಸಿದ್ದೀನಿ.”

ಹೊರಗೆ ಬಂದು ನೋಡಿದರೆ ಬೀದಿಯ ಮಕ್ಕಳು ನಮ್ಮ ಗೇಟಿನ ಮುಂದೆ ಎರಡು ಸಾಲಾಗಿ ನಿಂತಿದ್ದವು.

“ವರ್ಕ್‌ಶಾಪಿಂದ ಒಂದು ಕಂಡೆನ್ಸರ್ ತಂದು ಒಳಗೆ ಹಾಕಿದ್ರೆ ಸದ್ದು ಕಮ್ಮಿ ಆಗುತ್ತಪ್ಪ,” ಎಂದೆ.

“ಅದರ ಹೊಟ್ಟೆ ಕುಯ್ಯೋದು ಬೇಡ.” ಅಪ್ಪ ಫ್ಯಾನಿನ ಮೇಲಿನ ಧೂಳನ್ನು ಅಂಗವಸ್ತ್ರದಿಂದ ಒರೆಸಿದರು. ಅಷ್ಟೇ. ಶನಿವಾರ ಏನು ಮಾಡುತ್ತೇನೆಂದು ಹೇಳಲಿಲ್ಲ. ಕೇಳುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಆ ಶನಿವಾರ ಸರೋಜಮ್ಮ ಗಂಡನ ಜೊತೆ ಬೆಳಗ್ಗೆಯೇ ಬಸ್ಸಿನಲ್ಲಿ ಹೊರಟರು. ಮೈಸೂರು ಸಿಲ್ಕ್ ಸೀರೆ, ಮುಡಿಯಲ್ಲಿ ಕನಕಾಂಬರ, ಮುಖದಲ್ಲಿ ಜ್ವರ ಬಂದವರ ಕಳೆ. ಗೇಟಿನ ಬಳಿ ನನ್ನ ಕಡೆ ನೋಡಿದರು. ನಾನು ತಲೆಯಾಡಿಸಿದೆ. ಯಾವ ಧೈರ್ಯದ ಮೇಲೆ ಆಡಿಸಿದೆನೋ ತಿಳಿಯದು. ಮಧ್ಯಾಹ್ನ ಅಪ್ಪ ಎಂದಿನಂತೆ ಊಟ ಮಾಡಿದರು, ಎಂದಿನಂತೆ ಕೈ ತೊಳೆದರು, ಎಂದಿನಂತೆ ಅಂಗವಸ್ತ್ರ ಮಡಿಸಿ ದಿಂಬಿನ ಮೇಲೆ ಹಾಸಿದರು. ನಾನು ಅಮ್ಮನ ಮುಖ ನೋಡಿ, ಪಕ್ಕದ ಮನೆಗೆ ಹೋದೆ.

ರೇಡಿಯೋದಲ್ಲಿ ಯಾರೋ ಉಪ್ಪಿನಕಾಯಿ ಕೆಡದಂತೆ ಇಡುವುದು ಹೇಗೆಂದು ಹೇಳುತ್ತಿದ್ದರು. ಒಂದೊಂದು ಅಕ್ಷರವೂ ಸ್ಪಷ್ಟ. ಅಜ್ಜಿಯ ಕೈ ನನ್ನ ಮಣಿಕಟ್ಟಿನ ಮೇಲಿತ್ತು. ಕರಕರ ಎನ್ನುವ ಹೊತ್ತು ಹತ್ತಿರ ಬಂತು. ನಾನು ಗೋಡೆಯನ್ನೇ ನೋಡುತ್ತಿದ್ದೆ. ಹೊತ್ತು ದಾಟಿತು. ಬದಲಿಗೆ ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟ ಸದ್ದಾಯಿತು. ತಿರುಗಿ ನೋಡಿದರೆ ಅಪ್ಪ, ಇಸ್ತ್ರಿಯ ಬಿಳಿ ಅಂಗಿ ತೊಟ್ಟು, ಶಾಲೆಯ ವಾರ್ಷಿಕೋತ್ಸವಕ್ಕೆ ಬಂದವರಂತೆ.

“ಬರಬಹುದಾ ನಂಜಮ್ಮನೋರೇ?”

“ಬನ್ನಿ ಮೇಷ್ಟ್ರೇ. ನಿದ್ದೆ?”

“ಫ್ಯಾನ್ ಇಲ್ದೆ ಬರಲ್ಲ. ಎದ್ದಿರೋನು ಅಲ್ಲಿ ಯಾಕಿರ್ಲಿ ಅಂತ ಬಂದೆ.”

ಬೆತ್ತದ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತರು. ಎಷ್ಟೋ ವರ್ಷಗಳಿಂದ ಅಪ್ಪ ಆ ಹೊತ್ತಿನ ಬೀದಿಯನ್ನು ಕಂಡಿರಲಿಲ್ಲ. ಕಿಟಕಿಯಾಚೆ ಎದುರುಮನೆಯ ಹೆಂಗಸರು ಜಗಲಿಯ ನೆರಳಿನಲ್ಲಿ ಕೂತು ಊದುಬತ್ತಿ ಹೊಸೆಯುತ್ತಿದ್ದರು. ಹಸಿ ಊದುಬತ್ತಿಯ ವಾಸನೆ ಬಿಸಿಲಿನ ಜೊತೆ ಒಳಗೆ ಬರುತ್ತಿತ್ತು. ಅಪ್ಪ ಅದನ್ನೆಲ್ಲ ಹೊಸ ಊರಿಗೆ ಬಂದವರಂತೆ ನೋಡುತ್ತಿದ್ದರು.

ರೇಡಿಯೋದಲ್ಲಿ ಸರೋಜಮ್ಮನ ಹೆಸರು ಹೇಳಿದರು. ಆಮೇಲೆ ನಿಶ್ಶಬ್ದ. ಎಷ್ಟು ನಿಶ್ಶಬ್ದವೆಂದರೆ ರೇಡಿಯೋದ ಹುಲ್ಲು ಸಣ್ಣಗೆ ಅಲುಗುವುದು ನನಗೆ ಕೇಳಿಸಿತು. ಅದರೊಳಗಿಂದ ಒಂದು ಸ್ವರ ಎದ್ದಿತು, ತಗ್ಗಿನಲ್ಲಿ, ನಡುಗುತ್ತಾ.

“ನಡುಗ್ತಾ ಇದ್ದಾರೆ,” ಎಂದೆ.

“ತಡಿಯೇ,” ಎಂದರು ಅಜ್ಜಿ. “ಆ ಹಾಡು ಹಾಗೇ ಏಳೋದು. ಈಗ ಹತ್ತುತಾಳೆ ನೋಡು.”

ಹತ್ತಿದರು. ಬಕೆಟ್ ಬಿಟ್ಟು ಒಳಗೆ ಓಡುತ್ತಿದ್ದ ಹೆಂಗಸು, ಊರಿಗೆ ಊರೇ ಕೇಳುವಂತೆ, ಮದುಮಗಳನ್ನು ಹಸೆಗೆ ಕರೆದರು. ಒಂದೆಡೆ ಸ್ವರ ಕೊಂಚ ಬಾಗಿ, ಅಲ್ಲೇ ನಿಂತು, ಬಿಡಿಸಿಕೊಂಡು ಮುಂದೆ ಹೋಯಿತು. ಅಜ್ಜಿ ತಲೆಯಾಡಿಸಿದರು. “ಅದು ನಮ್ಮತ್ತೇದು. ಅವರಿಗೆ ಅಲ್ಲಿ ಉಸಿರು ಸಾಲ್ತಿರ್ಲಿಲ್ಲ. ನಾನೂ ಹಾಗೇ ಕಲಿತೆ, ಇವಳಿಗೂ ಹಾಗೇ ಹೇಳ್ಕೊಟ್ಟೆ.” ಕಾಣದ ಅವರ ಕಣ್ಣುಗಳಿಂದ ನೀರು ಕಿವಿಯ ಕಡೆಗೆ ಹರಿಯುತ್ತಿತ್ತು. ಒರೆಸಲು ಹೋದರೆ ನನ್ನ ಕೈ ತಳ್ಳಿದರು.

ಹಾಡು ನಿಧಾನವಾಗಿ ಇಳಿದು, ಇಳಿದು, ಹುಲ್ಲಿನೊಳಗೆ ಸೇರಿಹೋಯಿತು. ನಾನು ರೇಡಿಯೋ ಆರಿಸಿದೆ. ಎದುರುಮನೆಯ ಜಗಲಿಯಲ್ಲಿ ಊದುಬತ್ತಿ ಹೊಸೆಯುವ ಕೈಗಳೂ ನಿಂತಿದ್ದವು, ಮತ್ತೆ ಆಡತೊಡಗಿದವು.

ನಂಜಮ್ಮಜ್ಜಿ ಅಪ್ಪ ಕೂತಿದ್ದ ಕಡೆ ಮುಖ ತಿರುಗಿಸಿದರು. “ಮೇಷ್ಟ್ರೇ, ಬಹಳ ಉಪಕಾರ ಆಯ್ತು. ಇನ್ನು ಹೋಗಿ, ಫ್ಯಾನ್ ಹಾಕ್ಕೊಂಡು ಮಲಗಿ. ನಿಮ್ಮ ಹೊತ್ತು ಮೀರ್ತಾ ಇದೆ.”

ಅಪ್ಪ ಏಳಲಿಲ್ಲ. ಬೆನ್ನು ಮೆಲ್ಲಗೆ ಕುರ್ಚಿಗೆ ಒರಗಿತು. ಕಣ್ಣು ಕಿಟಕಿಯ ಆಚೆಯೇ ಇತ್ತು.

“ಕೂತಿರ್ತೀನಮ್ಮ,” ಎಂದರು.

“ಎಷ್ಟು ಹೊತ್ತು ಮೇಷ್ಟ್ರೇ?” ಅಜ್ಜಿಯ ದನಿಯಲ್ಲಿ ತುಂಟತನವಿತ್ತು. ನಮ್ಮ ಮನೆಯ ನಿಷೇಧ ಗೋಡೆಯ ಆಚೆಗೂ ಕೇಳಿಸದೆ ಇರುತ್ತದೆಯೇ.

ಅಪ್ಪ ಯೋಚಿಸಿದರು. ಕೊರಳಿನ ವಿಷಲ್ಲನ್ನು ಬೆರಳಲ್ಲಿ ಹಿಡಿದು, ಬಿಟ್ಟರು.

“ಸ್ವಲ್ಪ ಹೊತ್ತು,” ಎಂದರು.